ಜಾಲರಿಯ ಆಚೆಯ ಮುಖ

ಮನೆಮಂದಿಯೆಲ್ಲ ಕೂಡಿ ಮೃಗಾಲಯವನ್ನು ನೋಡಿಬಂದ ದಿನ ರಾತ್ರಿ, ಊಟವಾದ ತರುವಾಯ, ತೆಗೆದ ಛಾಯಾಚಿತ್ರಗಳನ್ನು ಒಂದೊಂದಾಗಿ ನೋಡುವ ಪದ್ಧತಿ ಈಗ ಬಹುಮಟ್ಟಿಗೆ ಎಲ್ಲ ಮನೆಗಳಲ್ಲಿಯೂ ಉಂಟು. ಆಗ ಎದುರಾಗುವ ನಿರಾಶೆಯೂ ಎಲ್ಲರಿಗೂ ಪರಿಚಿತವಾದುದೇ. ಕಣ್ಣಿಗೆ ಹುಲಿ ಕಂಡಿತ್ತು. ಚಿತ್ರದಲ್ಲಿ ತಂತಿ ಕಾಣುತ್ತದೆ. ನವಿಲು ಗರಿಗೆದರಿ ನಿಂತುದನ್ನು ಮಕ್ಕಳು ಚಪ್ಪಾಳೆಯಿಕ್ಕಿ ನೋಡಿದ್ದರು. ಚಿತ್ರದಲ್ಲಿ ಚೌಕಚೌಕವಾದ ಜಾಲರಿಯೂ ಅದರ ಹಿಂದೆ ನೀಲಿಯ ಮಸುಕೊಂದೂ ಉಳಿದಿರುತ್ತವೆ. "ಕ್ಯಾಮರಾವೇ ಸರಿಯಿಲ್ಲ" ಎಂದು ಯಜಮಾನರೂ, "ತೆಗೆದವರ ಕೈ ಸರಿಯಿಲ್ಲ" ಎಂದು ಮನೆಯಾಕೆಯೂ ತೀರ್ಪು ಕೊಟ್ಟು ಮಲಗುತ್ತಾರೆ. ಈ ಎರಡು ತೀರ್ಪುಗಳೂ ಪೂರ್ಣವಾಗಿ ನ್ಯಾಯವಾದುವಲ್ಲವೆಂದು ತೋರಿಸುವ ಉದ್ದೇಶದಿಂದ ಈ ಲೇಖನವನ್ನು ಬರೆಯಲು ತೊಡಗಿದ್ದೇವೆ.

ನಾವು ಛಾಯಾಗ್ರಾಹಕರಲ್ಲ. ಮೂವತ್ತಮೂರು ವರ್ಷಗಳ ಕಾಲ ಪ್ರೌಢಶಾಲೆಯ ಮಕ್ಕಳಿಗೆ ಸಂಸ್ಕೃತದ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿ, ಈಗ ನಿವೃತ್ತರಾಗಿ ಮನೆಯಲ್ಲಿ ಕುಳಿತವರು. ಈ ವಿದ್ಯೆಗೆ ನಮ್ಮನ್ನು ಎಳೆದವನು ನಮ್ಮ ಮಗಳ ಮಗ, ಹದಿಮೂರು ವರ್ಷದ ಹುಡುಗ. ಬೇಸಗೆಯ ರಜೆಯಲ್ಲಿ ತನ್ನ ತಂದೆಯ ಕ್ಯಾಮರಾವನ್ನು ಕೊರಳಿಗೆ ತೂಗುಹಾಕಿಕೊಂಡು ಬಂದವನು, "ತಾತ, ಮೈಸೂರಿಗೆ ಕರಕೊಂಡು ಹೋಗಿ. ಬೇಲಿಯೇ ಕಾಣದ ಹಾಗೆ ಚಿತ್ರ ತೆಗೆಯೋದು ಹೇಗೆ ಅಂತ ನೋಡಬೇಕು" ಎಂದು ಹಟ ಹಿಡಿದನು. ಬಿಸಿಲಿನಲ್ಲಿ ಅಲೆಯುವುದಕ್ಕೆ ನಾವು ಸಾಮಾನ್ಯವಾಗಿ ಒಪ್ಪುವವರಲ್ಲ. ಆದರೆ ಬೇಲಿ ಕಾಣದಂತೆ ಚಿತ್ರ ತೆಗೆಯಬಹುದೆಂಬ ಮಾತನ್ನು ಕೇಳಿದೊಡನೆ ನಮ್ಮ ಮನಸ್ಸು ನಮ್ಮ ಮನೆಯ ಗೋಡೆಯ ಮೇಲಿರುವ ಒಂದು ಹಳೆಯ ಚಿತ್ರದ ಕಡೆಗೆ ಹೋಯಿತು. ಅದರ ವಿಷಯವನ್ನು ಮುಂದೆ ಹೇಳುವೆವು. ಅಂತೂ ಹೊರಟೆವು.

ಮೈಸೂರಿನ ಮೃಗಾಲಯವು ಹತ್ತನೆಯ ಚಾಮರಾಜೇಂದ್ರ ಒಡೆಯರವರ ಕಾಲದಲ್ಲಿ, ೧೮೯೨ನೆಯ ಇಸವಿಯಲ್ಲಿ ಸ್ಥಾಪಿತವಾದುದು; ಈಗ ಅವರ ಹೆಸರಿನಿಂದಲೇ ಶ್ರೀ ಚಾಮರಾಜೇಂದ್ರ ಮೃಗಾಲಯವೆಂದು ಕರೆಯಲ್ಪಡುತ್ತದೆ. ಅಲ್ಲಿ ದೊಡ್ಡ ಮೃಗಗಳಲ್ಲಿ ಅನೇಕವನ್ನು ಸರಳುಗಳ ಹಿಂದೆ ಕೂಡಿಹಾಕದೆ ಕಂದಕಗಳ ಆಚೆ ಬಯಲಿನಲ್ಲಿ ಬಿಟ್ಟಿರುವುದರಿಂದ, ನೋಡುವವರ ಕಣ್ಣಿಗಾಗಲಿ ಕ್ಯಾಮರಾಕ್ಕಾಗಲಿ ಅಡ್ಡಿಯಿರುವುದಿಲ್ಲ. ಈ ಕಂದಕದ ಏರ್ಪಾಡನ್ನು ಲೋಕಪ್ರಸಿದ್ಧಗೊಳಿಸಿದವನು ಜರ್ಮನಿಯ ಕಾರ್ಲ್ ಹಾಗೆನ್‌ಬೆಕ್ ಎಂಬವನು. ಅವನು ೧೯೦೭ರಲ್ಲಿ ಹ್ಯಾಂಬರ್ಗಿನ ಸ್ಟೆಲ್ಲಿಂಗೆನ್ ಎಂಬಲ್ಲಿ ಇಂಥ ಮೃಗೋದ್ಯಾನವನ್ನು ತೆರೆದಾಗ, ಸಿಂಹಕ್ಕೂ ತಮಗೂ ನಡುವೆ ಸರಳುಗಳೇ ಇಲ್ಲದುದು ಜನಕ್ಕೆ ದೊಡ್ಡ ಸೋಜಿಗವಾಗಿತ್ತು. ಆದರೆ ಹಾರುವ ಹಕ್ಕಿಗೂ ಮರವೇರುವ ಚಿರತೆಗೂ ಕಂದಕವೇನು ಮಾಡೀತು? ಅವುಗಳಿಗೆ ಜಾಲರಿಯೇ ಬೇಕು. ನಮ್ಮ ಹುಡುಗನಿಗೆ ಬೇಕಾಗಿದ್ದುದಾದರೋ ಮಂಗಟ್ಟೆ ಹಕ್ಕಿ. ಆ ಭಾರಿ ಕೊಕ್ಕಿನ ಹಕ್ಕಿಯನ್ನು ಅವನು ಮೊದಲ ಗಂಟೆಯಲ್ಲಿ ನಲವತ್ತು ಸಲ ಹಿಡಿದಿರಬೇಕು. ನಲವತ್ತರಲ್ಲಿಯೂ ತಂತಿ ಚೆನ್ನಾಗಿ ಬಂದಿತ್ತು.

ಕಣ್ಣಿಗೆ ಕಾಣದ ಅಡ್ಡಿ ಕ್ಯಾಮರಾಕ್ಕೆ ಏಕೆ ಕಾಣಬೇಕು? ಮೊದಲನೆಯದಾಗಿ, ನಮಗೆ ಎರಡು ಕಣ್ಣುಗಳಿವೆ. ಅವೆರಡರ ನಡುವೆ ಸುಮಾರು ಆರು ಸೆಂಟಿಮೀಟರ್ ಅಂತರವಿದೆ. ಬಲಗಣ್ಣಿಗೆ ತಂತಿ ಮರೆಮಾಡಿದುದನ್ನು ಎಡಗಣ್ಣು ನೋಡಿಕೊಳ್ಳುತ್ತದೆ. ಸಾಲದುದಕ್ಕೆ ನಾವು ತಲೆಯನ್ನು ಅತ್ತಿತ್ತ ಆಡಿಸುತ್ತೇವೆ. ಇದೆಲ್ಲಕ್ಕಿಂತ ಮಿಗಿಲಾಗಿ, ಬೇಡವಾದುದನ್ನು ಬಿಡುವ ಅಭ್ಯಾಸ ಮನಸ್ಸಿಗಿದೆ. ನಮ್ಮ ಶಾಸ್ತ್ರಕಾರರು ಇದನ್ನು ಬಲ್ಲರು. ಮಗುವಿಗೆ ಬಿದಿಗೆಯ ಚಂದ್ರನನ್ನು ತೋರಿಸುವಾಗ ತಾಯಿ, "ಅಗೋ ಆ ಕೊಂಬೆಯ ತುದಿಯಲ್ಲಿ ನೋಡು" ಎನ್ನುತ್ತಾಳೆ. ಮಗು ಕೊಂಬೆಯನ್ನು ಹಿಡಿದು ಚಂದ್ರನನ್ನು ಮುಟ್ಟುತ್ತದೆ. ಚಂದ್ರನು ಕಂಡ ಮೇಲೆ ಕೊಂಬೆ ಅದರ ಗಮನದಲ್ಲಿಯೇ ಇರುವುದಿಲ್ಲ. ಶಾಖಾಚಂದ್ರನ್ಯಾಯವೆಂದು ಇದಕ್ಕೆ ಹೆಸರು. ಕ್ಯಾಮರಾ ಈ ನ್ಯಾಯವನ್ನು ಓದಿಲ್ಲ. ಅದಕ್ಕೆ ಕೊಂಬೆಯೂ ಒಂದೇ, ಚಂದ್ರನೂ ಒಂದೇ. ಮೇಲಾಗಿ ಅದು ಒಕ್ಕಣ್ಣಿನದು. ಕಾಗೆಗೂ ಕಣ್ಣಿನ ಗುಡ್ಡೆ ಒಂದೇ ಎಂದು ನಮ್ಮ ಹಿರಿಯರು ನಂಬಿದ್ದರಾದರೂ, ಅದು ಬೇಕಾದ ಕಡೆಗೆ ಆ ಗುಡ್ಡೆಯನ್ನು ಹೊರಳಿಸಿಕೊಳ್ಳುತ್ತದೆಂದು ಹೇಳಿ ಕಾಗೆಯ ಮರ್ಯಾದೆಯನ್ನು ಉಳಿಸಿದರು. ಕ್ಯಾಮರಾಕ್ಕೆ ಅಷ್ಟೂ ಇಲ್ಲ.

ಆದರೂ ತಂತಿಯನ್ನು ಮಾಯಮಾಡುವ ಉಪಾಯವೊಂದಿದೆ. ಅದರ ಬೀಜವೂ ನಮ್ಮ ಶಾಸ್ತ್ರದಲ್ಲಿದೆ ಎಂದರೆ ವಾಚಕರು ನಗಬಾರದು. ಇರುವ ವಸ್ತುವೂ ಕೆಲವು ಸಲ ಏಕೆ ಕಾಣುವುದಿಲ್ಲವೆಂಬುದಕ್ಕೆ ಈಶ್ವರಕೃಷ್ಣನು ತನ್ನ ಸಾಂಖ್ಯಕಾರಿಕೆಯಲ್ಲಿ ಎಂಟು ಕಾರಣಗಳನ್ನು ಎಣಿಸಿದ್ದಾನೆ. ಬಹಳ ದೂರವಿರುವುದು ಒಂದು. ನಡುವೆ ಮರೆಯಿರುವುದು ಇನ್ನೊಂದು. ಇವುಗಳ ಜೊತೆಗೆ ತೀರ ಹತ್ತಿರವಿರುವುದನ್ನೂ ಅವನು ಕಾರಣವಾಗಿ ಹೇಳುತ್ತಾನೆ. ಕಣ್ಣಿಗೆ ಹಚ್ಚಿದ ಕಾಡಿಗೆ ಆ ಕಣ್ಣಿಗೇ ಕಾಣುವುದಿಲ್ಲವೆಂದು ವಾಚಸ್ಪತಿಮಿಶ್ರನು ಅದಕ್ಕೆ ಉದಾಹರಣೆ ಕೊಡುತ್ತಾನೆ. ಬೇಲಿಯನ್ನು ಕ್ಯಾಮರಾದ ಕಣ್ಣಿನ ಕಾಡಿಗೆಯನ್ನಾಗಿ ಮಾಡಿಬಿಡುವುದೇ ಈ ಉಪಾಯದ ಸಾರ. ಹುಡುಗನಿಗೆ ಇದನ್ನು ಹೇಳಿದೆವು. ಅವನು, "ಅದೇ ತಾತ, ಅಪ್ಪನೂ ಹೇಳಿದ್ದರು, ಲೆನ್ಸನ್ನು ಬೇಲಿಗೆ ಒತ್ತಿ ಹಿಡಿಯಬೇಕಂತೆ" ಎಂದನು. ಹಾಗಿದ್ದರೆ ಸಾಂಖ್ಯವೂ ಅವನ ಅಪ್ಪನೂ ಒಂದೇ ಮಾತನ್ನು ಹೇಳಿದಂತಾಯಿತು. ಲೆನ್ಸಿಗೆ ಕನ್ನಡದಲ್ಲಿ ಮಸೂರವೆನ್ನುತ್ತೇವೆ. ಮಸೂರವೆಂದರೆ ಚನ್ನಂಗಿ ಬೇಳೆ. ಲ್ಯಾಟಿನ್ ಭಾಷೆಯಲ್ಲಿ ಲೆನ್ಸ್ ಎಂಬುದೂ ಅದೇ ಜಾತಿಯ ಬೇಳೆಯ ಹೆಸರೇ. ಅಡಿಗೆಮನೆಯ ಡಬ್ಬಿಯಿಂದ ಒಂದು ಬೇಳೆಯನ್ನು ತೆಗೆದು ನೋಡಿದರೆ ಹೆಸರು ಬಂದ ಬಗೆ ತಿಳಿಯುತ್ತದೆ.

ಇನ್ನು ಇದು ಹೇಗೆ ನಡೆಯುತ್ತದೆಂಬುದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಏಕೆಂದರೆ ಇದೊಂದು ತಿಳಿದರೆ ಮಿಕ್ಕ ನಿಯಮಗಳನ್ನೆಲ್ಲ ವಾಚಕರು ತಾವೇ ಊಹಿಸಿಕೊಳ್ಳಬಲ್ಲರು. ಮಂಗಟ್ಟೆಯ ಕೊಕ್ಕಿನ ತುದಿಯ ಒಂದು ಬಿಂದುವನ್ನು ತೆಗೆದುಕೊಳ್ಳೋಣ. ಅಲ್ಲಿಂದ ಹೊರಟ ಬೆಳಕು ಎಲ್ಲ ಕಡೆಗೂ ಹರಡುತ್ತದೆ. ಅದರಲ್ಲಿ ಮಸೂರದ ಬಾಯಿಯನ್ನು ತುಂಬುವಷ್ಟು ಭಾಗ ಮಾತ್ರ ಚಿತ್ರಕ್ಕೆ ಒದಗುತ್ತದೆ. ಈ ಭಾಗದ ಆಕಾರ ಕಡಲೆಕಾಯಿ ಮಾರುವವನು ಸುತ್ತಿಕೊಡುವ ಕಾಗದದ ಪೊಟ್ಟಣದಂತಿರುತ್ತದೆ: ಚೂಪಾದ ತುದಿ ಕೊಕ್ಕಿನಲ್ಲಿ, ಅಗಲವಾದ ಬಾಯಿ ಮಸೂರದಲ್ಲಿ. ಬೇಲಿಯ ತಂತಿಯು ಈ ಪೊಟ್ಟಣವನ್ನು ಎಲ್ಲಿ ಅಡ್ಡಹಾಯುತ್ತದೆ ಎಂಬುದೇ ಪ್ರಶ್ನೆ. ಅಗಲವಾದ ಬಾಯಿಯ ಬಳಿ ಅಡ್ಡಹಾದರೆ, ತಂತಿಯ ಎರಡು ಪಕ್ಕಗಳಿಂದಲೂ ಬೆಳಕು ನುಸುಳಿ ಮಸೂರವನ್ನು ಸೇರುತ್ತದೆ. ಆ ಬಿಂದು ಚಿತ್ರದಲ್ಲಿ ಬಂದೇ ಬರುತ್ತದೆ, ತುಸು ಮಂಕಾಗಿ. ಚೂಪಾದ ತುದಿಯ ಬಳಿ ಅಡ್ಡಹಾದರೆ ಪೊಟ್ಟಣವು ಅಲ್ಲಿ ತಂತಿಗಿಂತ ಕಿರಿದಾಗಿರುವುದರಿಂದ ಬೆಳಕು ಪೂರ್ತಿಯಾಗಿ ತಡೆಯಲ್ಪಡುತ್ತದೆ. ಆ ಬಿಂದುವಿನ ಸುದ್ದಿಯೇ ಮಸೂರಕ್ಕೆ ಮುಟ್ಟುವುದಿಲ್ಲ.

ಲೆಕ್ಕ ಹಾಕಿ ನೋಡಬಹುದು. ಮಸೂರದ ನಾಭಿದೂರವನ್ನು ಎಫ್ ಎಂಬ ಅಕ್ಷರದೊಡನೆ ಬರೆದಿರುವ ಸಂಖ್ಯೆಯಿಂದ ಭಾಗಿಸಿದರೆ ಬಾಯಿಯ ಅಗಲ ಬರುತ್ತದೆ. ಹುಡುಗನ ದೊಡ್ಡ ಮಸೂರದ ನಾಭಿದೂರ ೨೦೦ ಮಿಲಿಮೀಟರ್. ಅದನ್ನು ಎಫ್ ೪ಕ್ಕೆ ಇಟ್ಟರೆ ಬಾಯಿಯು ೫೦ ಮಿಲಿಮೀಟರ್. ೩ ಮಿಲಿಮೀಟರ್ ದಪ್ಪದ ತಂತಿಯೊಂದು ಬಾಯಿಯ ಬಳಿಯಲ್ಲಿ ಹಾದುಹೋದರೆ ಮರೆಯಾಗುವ ಬೆಳಕು ನೂರಕ್ಕೆ ಏಳೆಂಟು ಪಾಲು ಮಾತ್ರ. ಅದೇ ಮಸೂರವನ್ನು ಎಫ್ ೧೬ಕ್ಕೆ ಇಟ್ಟರೆ ಬಾಯಿಯು ಹನ್ನೆರಡೂವರೆ ಮಿಲಿಮೀಟರಿಗೆ ಕುಗ್ಗಿ, ಕಾಲು ಪಾಲಿಗೂ ಹೆಚ್ಚು ಬೆಳಕು ಮರೆಯಾಗುತ್ತದೆ. ಆಗ ತಂತಿಯಿದ್ದ ಕಡೆ ಕಪ್ಪು ಪಟ್ಟಿಗಳು ಮೂಡುತ್ತವೆ. ಸಂಖ್ಯೆ ಚಿಕ್ಕದಾದಷ್ಟೂ ಬಾಯಿ ದೊಡ್ಡದು; ಬಾಯಿ ದೊಡ್ಡದಾದಷ್ಟೂ ಬೇಲಿ ತೆಳುವಾಗುವುದು. ಮೊಬೈಲ್ ಫೋನಿನ ಕ್ಯಾಮರಾದ ಬಾಯಿ ಮೂರು ನಾಲ್ಕು ಮಿಲಿಮೀಟರಿಗಿಂತ ಹೆಚ್ಚಾಗಿರುವುದು ಅಪರೂಪ, ಅಂದರೆ ತಂತಿಯಷ್ಟೇ ಅಗಲ. ಆದುದರಿಂದ ಅದು ಬೇಲಿಯನ್ನು ಕರಗಿಸಲಾರದು. ಆದರೆ ಆ ಸಣ್ಣತನವೇ ಅದಕ್ಕೆ ಒಂದು ಅನುಕೂಲ; ಜಾಲರಿಯ ಒಂದು ಕಣ್ಣಿಗೆ ನೇರವಾಗಿ ಹಿಡಿದರೆ ತಂತಿಗಳ ನಡುವಿನಿಂದಲೇ ನೋಡಬಲ್ಲುದು.

ಹೀಗೆ ಪೊಟ್ಟಣದ ಲೆಕ್ಕದಿಂದ ಎರಡು ಮಾತು ಹೊರಡುತ್ತವೆ. ಮಸೂರವು ಬೇಲಿಗೆ ಹತ್ತಿರವಿರಬೇಕು. ಪ್ರಾಣಿಯು ಬೇಲಿಯಿಂದ ದೂರವಿರಬೇಕು. ಮೊದಲನೆಯದನ್ನು ಎಲ್ಲರೂ ಕೇಳಿರುತ್ತಾರೆ. ಎರಡನೆಯದನ್ನು ಮರೆಯುತ್ತಾರೆ. ಹಕ್ಕಿ ಜಾಲರಿಗೆ ಆತುಕೊಂಡು ಕುಳಿತಿರುವಾಗಲೇ ಜನ ಮುಗಿಬಿದ್ದು ಚಿತ್ರ ತೆಗೆಯುತ್ತಾರೆ. ಅದು ಹಾರಿ ಒಳಗಿನ ಕೊಂಬೆಯ ಮೇಲೆ ಕುಳಿತೊಡನೆ, "ಛೆ, ದೂರ ಹೋಯಿತು" ಎಂದು ಮುಂದಿನ ಪಂಜರಕ್ಕೆ ನಡೆಯುತ್ತಾರೆ. ವಾಸ್ತವವಾಗಿ ಚಿತ್ರದ ಸಮಯ ಬರುವುದೇ ಆಗ.

ವಾಚಕರು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಮೃಗಾಲಯಗಳಲ್ಲಿ ಜಾಲರಿಗೂ ಜನರಿಗೂ ನಡುವೆ ಇನ್ನೊಂದು ಅಡ್ಡಗಂಬಿಯನ್ನು ಹಾಕಿರುತ್ತಾರಲ್ಲ, ಮಸೂರವನ್ನು ಬೇಲಿಗೆ ಒತ್ತಿ ಹಿಡಿಯುವುದು ಎಂತು? ನಮ್ಮ ಹುಡುಗನಿಗೂ ಇದೇ ತೊಡಕು ಬಂದಿತು. ನಾವು ನೀರು ಕುಡಿಯಲು ಆಚೆ ತಿರುಗಿದ ಕ್ಷಣದಲ್ಲಿ ಅವನ ಒಂದು ಕಾಲು ಕಂಬಿಯ ಆ ಕಡೆಗಿತ್ತು. ಅಂಗಿಯ ಕೊರಳಪಟ್ಟಿಯನ್ನು ಹಿಡಿದು ಹಿಂದಕ್ಕೆ ಎಳೆದೆವು. ಮೂವತ್ತಮೂರು ವರ್ಷ ಕಿವಿ ಹಿಂಡಿದ ಕೈ ಆ ಹೊತ್ತಿಗೆ ಚೆನ್ನಾಗಿಯೇ ಕೆಲಸ ಮಾಡಿತೆಂದು ಹೇಳಬೇಕು. ಚಿರತೆಯ ಪಂಜ ಜಾಲರಿಯ ಕಣ್ಣಿನಿಂದ ಎಷ್ಟು ಹೊರಗೆ ಬರುತ್ತದೆಂಬುದನ್ನು ಬಲ್ಲವರೇ ಆ ಕಂಬಿಯನ್ನು ಅಲ್ಲಿ ನೆಟ್ಟಿರುವುದು. ಅದನ್ನು ದಾಟಕೂಡದು, ಮಗುವನ್ನು ಎತ್ತಿ ಅದರಾಚೆಗೆ ಚಾಚಲೂ ಕೂಡದು. ಹಾಗೆ ಚಾಚಿದ ಗೃಹಸ್ಥರೊಬ್ಬರನ್ನು ಅದೇ ದಿನ ನೋಡಿದೆವು. ಮಗುವಿನ ಕೈಯಲ್ಲಿ ಫೋನು! ಕಾವಲುಗಾರನು ಸೀಟಿ ಊದಿದುದಕ್ಕೆ ಆ ಗೃಹಸ್ಥರಿಗೇ ಸಿಟ್ಟು ಬಂದಿತು.

ವಿಶೇಷವೇನೆಂದರೆ, ದಾಟುವ ಅಗತ್ಯವೂ ಇಲ್ಲ. ಮುಖ್ಯವಾದುದು ಬೇಲಿಯು ಎಷ್ಟು ದೂರದಲ್ಲಿದೆ ಎಂಬುದಲ್ಲ. ಪ್ರಾಣಿಯವರೆಗಿನ ದಾರಿಯಲ್ಲಿ ಎಷ್ಟನೆಯ ಪಾಲಿನಲ್ಲಿದೆ ಎಂಬುದು. ಕಂಬಿಯ ಬಳಿ ನಿಂತವನಿಗೆ ಜಾಲರಿ ಒಂದೂವರೆ ಮೀಟರ್ ದೂರವಿದ್ದು, ಹಕ್ಕಿ ಹದಿನೈದು ಮೀಟರ್ ದೂರದಲ್ಲಿ ಕುಳಿತಿದ್ದರೆ, ಬೇಲಿಯು ಹತ್ತರಲ್ಲಿ ಒಂದನೆಯ ಪಾಲಿನಲ್ಲಿ ಬಿದ್ದಿತು. ಅಲ್ಲಿ ನಮ್ಮ ಪೊಟ್ಟಣದ ಅಗಲ ಐವತ್ತರಲ್ಲಿ ಹತ್ತನೆಯ ಒಂದು ಪಾಲು ಕಳೆದು ೪೫ ಮಿಲಿಮೀಟರ್. ತಂತಿಯನ್ನು ಕರಗಿಸಲು ಅದು ಧಾರಾಳ. ಚಿತ್ರದಲ್ಲಿ ಅಲ್ಲಲ್ಲಿ ತುಸು ಮಬ್ಬು ಉಳಿದೀತು, ಅಷ್ಟೆ. ಅದೇ ಹಕ್ಕಿ ಹಾರಿಬಂದು ಜಾಲರಿಯಿಂದ ಅರ್ಧ ಮೀಟರಿನಷ್ಟೇ ಒಳಗೆ ಕುಳಿತರೆ, ಅಗಲವು ಹನ್ನೆರಡೂವರೆಗೆ ಇಳಿಯುತ್ತದೆ. ಹಕ್ಕಿ ಹತ್ತಿರ ಬಂದಿತು, ಚಿತ್ರ ಕೆಟ್ಟಿತು. ಆದುದರಿಂದ ಕಂಬಿಯನ್ನು ಹತ್ತುವ ಬದಲು ಕಾಯುವುದನ್ನು ಕಲಿಯಬೇಕು. ಕಾಯಲಾರದೆ ಚಪ್ಪಾಳೆ ತಟ್ಟುವವರೂ, ಕಡಲೆಕಾಯಿ ಎಸೆಯುವವರೂ, ಕಲ್ಲು ಬೀರುವವರೂ ಉಂಟು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಮೃಗಾಲಯದ ಪ್ರಾಣಿಗಳನ್ನು ಕೆಣಕುವುದು, ಅವುಗಳಿಗೆ ತಿನಿಸು ಕೊಡುವುದು, ಗದ್ದಲಮಾಡಿ ಬೆದರಿಸುವುದು ಎಲ್ಲವೂ ನಿಷಿದ್ಧ. ಕಾಯಿದೆಯಿಲ್ಲದಿದ್ದರೂ ಮಕ್ಕಳ ಎದುರಿಗೆ ದೊಡ್ಡವರು ಮಾಡತಕ್ಕ ಕೆಲಸವೇ ಅದು?

ಸಣ್ಣಪುಟ್ಟ ಸಂಗತಿಗಳನ್ನು ಬೇಗನೆ ಹೇಳಿ ಮುಗಿಸುವೆವು. ತಂತಿಯ ಮೇಲೆ ಬಿಸಿಲು ಬಿದ್ದು ಹೊಳೆಯುತ್ತಿದ್ದರೆ ಯಾವ ಲೆಕ್ಕವೂ ನಡೆಯದು. ಹೊಳಪು ಕರಗಿ ಚಿತ್ರದ ಮೇಲೆಲ್ಲ ಹಾಲು ಚೆಲ್ಲಿದಂತೆ ಬಿಳುಪಾಗಿ ಹರಡುತ್ತದೆ. ನೆರಳು ಬಿದ್ದಿರುವ ಭಾಗವನ್ನು ಹುಡುಕಿಕೊಳ್ಳಬೇಕು. ಸಿಕ್ಕದಿದ್ದರೆ ಜೊತೆಗಿರುವವರು ಕೊಡೆಯನ್ನು ಅಡ್ಡ ಹಿಡಿಯಬಹುದು. ನಮ್ಮ ಕಪ್ಪು ಕೊಡೆಗೆ ಅಂದು ಸಾರ್ಥಕವಾಯಿತು. ಫ್ಲಾಷ್ ದೀಪವನ್ನು ಬೆಳಗಿಸಿದರೆ ಮೊದಲು ಬೆಳಗುವುದು ಬೇಲಿಯೇ. ಈಗಿನ ಕ್ಯಾಮರಾಗಳು ತಾವಾಗಿಯೇ ಫೋಕಸ್ ಮಾಡಿಕೊಳ್ಳುವುದರಿಂದ ಎಲ್ಲಕ್ಕೂ ಮುಂದಿರುವ ತಂತಿಯನ್ನೇ ಹಿಡಿದುಕೊಂಡು ಬಿಡುತ್ತವೆ. ಆಗ ಆ ಸೌಕರ್ಯವನ್ನು ನಿಲ್ಲಿಸಿ, ಕೈಯಿಂದಲೇ ತಿರುಗಿಸಿ ಹಕ್ಕಿಯ ಕಣ್ಣಿಗೆ ಹೊಂದಿಸಬೇಕು. ನಲವತ್ತು ಚಿತ್ರಗಳು ಕೆಟ್ಟುದಕ್ಕೆ ಅರ್ಧ ಕಾರಣ ಇದೇ ಆಗಿತ್ತು. ಹಾವಿನ ಮನೆಯಂತೆ ಗಾಜಿರುವ ಕಡೆ ತಂತಿಯ ಕಾಟವಿಲ್ಲ, ನಮ್ಮದೇ ಪ್ರತಿಬಿಂಬದ ಕಾಟ. ಗಾಜಿನ ಬಳಿಗೆ ಹೋಗಲು ಅವಕಾಶವಿದ್ದಲ್ಲಿ ಮಸೂರವನ್ನು ಮೆಲ್ಲನೆ ಗಾಜಿಗೆ ತಾಗಿಸಿ ಸುತ್ತಲೂ ಕಪ್ಪು ಬಟ್ಟೆ ಹಿಡಿದರೆ ಅದು ಹೋಗುತ್ತದೆ. ಪೋಲರೈಜರ್ ಎಂಬ ಸೋಸುಗಾಜನ್ನು ಕೆಲವರು ಹಾಕಿಕೊಳ್ಳುತ್ತಾರೆ. ಅದರ ಗುಣ ಕಾಣುವುದು ಗಾಜನ್ನು ಓರೆಯಾಗಿ, ಲಂಬರೇಖೆಗೆ ಸುಮಾರು ೫೬ ಡಿಗ್ರಿ ಕೋನದಲ್ಲಿ ನೋಡುವಾಗ. ನೇರವಾಗಿ ನಿಂತರೆ ಅದರಿಂದ ಏನೂ ಪ್ರಯೋಜನವಿಲ್ಲ.

ಮೃಗಾಲಯಕ್ಕೆ ಹೊಂದಿಕೊಂಡಿರುವ ಕಾರಂಜಿಕೆರೆಯ ಪಕ್ಷಿಧಾಮದಲ್ಲಿ ಜನರೂ ಹಕ್ಕಿಗಳೂ ಒಂದೇ ಜಾಲರಿಯ ಒಳಗಿರುತ್ತಾರೆ. ಅಲ್ಲಿ ಬೇಲಿ ಹಕ್ಕಿಯ ಮುಂದಿರುವುದಿಲ್ಲ, ಹಿಂದಿರುತ್ತದೆ. ಹಿಂದಿನ ಬೇಲಿಯೂ ಹಕ್ಕಿಯಿಂದ ಎಷ್ಟು ದೂರವಿದ್ದರೆ ಅಷ್ಟು ಒಳ್ಳೆಯದು.

ಸಾಯಂಕಾಲ ನಾಲ್ಕೂವರೆಯ ಹೊತ್ತಿಗೆ ಮಂಗಟ್ಟೆ ಒಳಗೊಂಬೆಯ ಮೇಲೆ ಬಂದು ಕುಳಿತಿತು. ಜಾಲರಿಯ ಮೇಲೆ ಮರದ ನೆರಳು ಬಿದ್ದಿತ್ತು. ಹುಡುಗನು ಕಂಬಿಯ ಈಚೆ ನಿಂತುಕೊಂಡೇ ಒತ್ತಿದನು. ಚಿತ್ರವನ್ನು ನಮ್ಮ ಮುಂದೆ ಹಿಡಿದಾಗ, ಎದುರಿಗೇ ಇರುವ ಜಾಲರಿ ಅದರಲ್ಲಿಲ್ಲವೆಂಬುದನ್ನು ನಂಬಲು ನಮಗೆ ತುಸು ಹೊತ್ತು ಹಿಡಿಯಿತು. ಕಣ್ಣಿನ ಸುತ್ತಿನ ಕೂದಲೆಳೆಗಳು ಸಹ ಎಣಿಸುವಂತಿದ್ದುವು. ಇದರಲ್ಲಿ ಕಪಟವೇನೂ ಇಲ್ಲವೆಂಬುದನ್ನು ಗಮನಿಸಬೇಕು. ಆ ಕೂದಲಿನ ಬೆಳಕು ತಂತಿಯ ಪಕ್ಕದಿಂದ ನುಸುಳಿ ನಿಜವಾಗಿಯೂ ಕ್ಯಾಮರಾವನ್ನು ಹೊಕ್ಕಿತ್ತು.

ಈಗ ಆ ಹಳೆಯ ಚಿತ್ರದ ಮಾತು. ೧೯೭೭ರಲ್ಲಿ ನಮ್ಮ ತಂದೆಯವರು ಗೆಳೆಯರೊಬ್ಬರಿಂದ ಅಗ್ಫಾ ಕ್ಲಿಕ್ ಎಂಬ ಕ್ಯಾಮರಾವನ್ನು ಎರಡು ದಿನದ ಮಟ್ಟಿಗೆ ಬೇಡಿ ತಂದಿದ್ದರು. ಒಂದು ಸುರುಳಿಗೆ ಹನ್ನೆರಡೇ ಚಿತ್ರ. ಆದುದರಿಂದ ಎಣಿಸಿ ಎಣಿಸಿ ತೆಗೆಯುತ್ತಿದ್ದರು. ನಮ್ಮ ತಮ್ಮನಿಗೆ ಆಗ ಒಂಬತ್ತು ವರ್ಷ. ಶಾಲೆಯ ಬಯಲಿನಲ್ಲಿ ಆಡುತ್ತಿದ್ದವನು ರಸ್ತೆಯಲ್ಲಿ ತಂದೆಯವರನ್ನು ಕಂಡು ಓಡಿಬಂದು, ಬೇಲಿಯ ಜಾಲರಿಗೆ ಎರಡು ಕೈಗಳ ಬೆರಳುಗಳನ್ನೂ ಕೊಕ್ಕೆಯಂತೆ ಸಿಕ್ಕಿಸಿ, ಮುಖವನ್ನು ಅದಕ್ಕೆ ಹತ್ತಿಸಿ ನಕ್ಕನು. ತಂದೆಯವರು ಹತ್ತಡಿ ದೂರದಲ್ಲಿ ನಿಂತು ಒತ್ತಿದರು. ಒಂದು ತಂತಿ ಅವನ ಎಡಗಣ್ಣಿನ ಮೇಲೆ ಸರಿಯಾಗಿ ಹಾದುಹೋಯಿತು. ಮರುವರ್ಷದ ಮಳೆಗಾಲದಲ್ಲಿ ಜ್ವರ ಬಂದು ನಾಲ್ಕು ದಿನಗಳಲ್ಲಿ ಅವನು ತೀರಿಕೊಂಡನು. ಅವನದೆಂದು ನಮ್ಮ ಮನೆಯಲ್ಲಿ ಉಳಿದಿರುವ ಚಿತ್ರ ಅದೊಂದೇ. ತಂದೆಯವರು ಬದುಕಿರುವವರೆಗೂ, "ಇನ್ನೆರಡು ಹೆಜ್ಜೆ ಆಚೀಚೆ ನಿಂತಿದ್ದರೆ ಕಣ್ಣು ಬರುತ್ತಿತ್ತು" ಎಂದು ಹಳಹಳಿಸುತ್ತಿದ್ದರು.

ಮೈಸೂರಿನಿಂದ ಮರಳುವ ದಾರಿಯಲ್ಲಿ ಬಸ್ಸಿನಲ್ಲಿ ಕುಳಿತು ನಾವು ಪೊಟ್ಟಣದ ಲೆಕ್ಕವನ್ನು ಆ ಚಿತ್ರಕ್ಕೆ ಹಾಕಿ ನೋಡಿದೆವು. ಬಡ ಕ್ಯಾಮರಾ, ಅದರ ಬಾಯಿ ಬೆರಳಿನಷ್ಟೂ ಅಗಲವಿರಲಿಲ್ಲ. ಮುಖವಾದರೋ ತಂತಿಗೆ ಹತ್ತಿಕೊಂಡಿತ್ತು. ಪೊಟ್ಟಣದ ತೀರ ಚೂಪಾದ ತುದಿ. ಎರಡು ಹೆಜ್ಜೆ ಸರಿದಿದ್ದರೆ ತಂತಿ ಎಡಗಣ್ಣನ್ನು ಬಿಟ್ಟು ಬಾಯಿಯ ಮೇಲೋ ಬಲಗಣ್ಣಿನ ಮೇಲೋ ಬೀಳುತ್ತಿತ್ತು. ಬೇಲಿ ಕಾಣದಿರಬೇಕಾಗಿದ್ದರೆ ತಂದೆಯವರು ಬೇಲಿಯ ಬಳಿಗೆ ಬಂದು, ತಮ್ಮನು ಹತ್ತಡಿ ಹಿಂದಕ್ಕೆ ಸರಿಯಬೇಕಾಗಿತ್ತು. ಆಗ ಬೆರಳನ್ನು ಸಿಕ್ಕಿಸಿಕೊಂಡು ನಗುವ ಹುಡುಗನು ಚಿತ್ರದಲ್ಲಿ ಇರುತ್ತಿರಲಿಲ್ಲ. ಈ ಲೆಕ್ಕವನ್ನು ತಂದೆಯವರಿಗೆ ಹೇಳಲಾಗಲಿಲ್ಲವಲ್ಲಾ ಎಂಬುದೊಂದು ನಮ್ಮ ಮನಸ್ಸಿನಲ್ಲಿ ಉಳಿದಿದೆ.

ಆದರೆ ಮೈಸೂರಿಗೆ ಹೋಗುವುದಕ್ಕೆ ಮೊದಲೇ ನಾವು ಒಂದು ತಪ್ಪನ್ನು ಮಾಡಿದ್ದೆವು. ಅದನ್ನು ಮುಚ್ಚಿಡುವುದು ಸರಿಯಲ್ಲ. ಹಳೆಯ ಚಿತ್ರಗಳನ್ನು ಹೊಸದಾಗಿ ಮಾಡಿಕೊಡುತ್ತೇವೆಂಬ ಅಂಗಡಿಯೊಂದಕ್ಕೆ ಆ ಚಿತ್ರವನ್ನು ಕೊಟ್ಟು, ತಂತಿಯನ್ನು ತೆಗೆಸಿ ದೊಡ್ಡದು ಮಾಡಿಸಿದ್ದೆವು. ಎಂಬತ್ತನಾಲ್ಕು ವರ್ಷದ ನಮ್ಮ ತಾಯಿಯವರಿಗೆ ಸಂತೋಷವಾಗಲೆಂಬುದು ನಮ್ಮ ಆಸೆ. ಒಂದು ವಾರದಲ್ಲಿ ಚಿತ್ರ ಬಂದಿತು. ತಂತಿಯ ಗುರುತೇ ಇಲ್ಲ. ಎರಡು ಕಣ್ಣುಗಳೂ ಅರಳಿ ಹೊಳೆಯುತ್ತಿದ್ದುವು. ನಮಗೇ ಕಣ್ಣು ತುಂಬಿ ಬಂದಿತು. ತಾಯಿಯವರ ಕೈಗೆ ಕೊಟ್ಟೆವು. ಅವರು ಕನ್ನಡಕವನ್ನು ಏರಿಸಿ, ಇಳಿಸಿ, ಬೆಳಕಿಗೆ ಹಿಡಿದು ನೋಡಿ, "ಲಕ್ಷಣವಾಗಿದಾನೆ. ಯಾರ ಮನೆ ಹುಡುಗನೋ ಇವನು?" ಎಂದರು. ಇಂಥವನೆಂದು ಹೇಳಿದೆವು. "ಅಲ್ಲ ಕಣೋ" ಎಂದು ತಿರುಗಿಸಿ ಕೊಟ್ಟುಬಿಟ್ಟರು. "ಅವನ ಎಡಗಣ್ಣಿನ ರೆಪ್ಪೆ ಹುಟ್ಟಿದಾಗಿನಿಂದಲೂ ಒಂದಿಷ್ಟು ಜೋತುಕೊಂಡಿತ್ತು. ನಿನಗೆ ಮರೆತುಹೋಯಿತೇನೋ?"

ಮರೆತುಹೋಗಿತ್ತು. ನಲವತ್ತೇಳು ವರ್ಷಗಳ ಕಾಲ ದಿನವೂ ಆ ಚಿತ್ರವನ್ನು ನೋಡಿದ ನಮಗೆ ಅದು ಮರೆತುಹೋಗಿತ್ತು, ಅಂಗಡಿಯವರಿಗೆ ತಿಳಿಯುವುದೆಂತು? ಅವರನ್ನು ನಾವು ದೂರುವುದಿಲ್ಲ. ಕಂಪ್ಯೂಟರಿಗೆ ಅಸಂಖ್ಯವಾದ ಮುಖಗಳನ್ನು ತೋರಿಸಿ ಕಲಿಸಿರುತ್ತಾರಂತೆ. ಮರೆಯಾದ ಜಾಗಕ್ಕೆ ಇಂಥ ಕಣ್ಣು ಹೊಂದೀತೆಂದು ಅದು ತಾನೇ ಊಹಿಸಿ ತುಂಬುತ್ತದೆ. ಬಲಗಣ್ಣು ಹೀಗಿದ್ದರೆ ಎಡಗಣ್ಣೂ ಹೀಗೆಯೇ ಇರಬೇಕಲ್ಲವೆ? ಇದು ಪ್ರತ್ಯಕ್ಷವಂತೂ ಅಲ್ಲ. ಅನುಮಾನವೆನ್ನೋಣವೆಂದರೆ, ಅನುಮಾನಕ್ಕೆ ಕೆಡದ ಹೇತುವೊಂದು ಬೇಕು, ಇಲ್ಲಿ ಅದಿಲ್ಲ. ಅಲಂಕಾರಶಾಸ್ತ್ರದಲ್ಲಿ ಇದಕ್ಕೆ ಉತ್ಪ್ರೇಕ್ಷೆಯೆಂದು ಹೆಸರು, ಕಾವ್ಯದಲ್ಲಿ ಶೋಭಿಸುತ್ತದೆ. ಮಂಗಟ್ಟೆಯ ಹಿಂದಿನ ಎಲೆಯ ಮೇಲೆ ಉಳಿದ ಮಬ್ಬನ್ನು ನಮ್ಮ ಹುಡುಗನು ತನ್ನ ಕಂಪ್ಯೂಟರಿನಲ್ಲಿ ಒರಸಿದರೆ ನಮ್ಮ ಅಡ್ಡಿಯೇನೂ ಇಲ್ಲ. ಆ ಎಲೆಗೆ ತಾಯಿಯಿಲ್ಲ. ಆದರೆ ತಮ್ಮನ ಕಣ್ಣಿನ ಬೆಳಕು ೧೯೭೭ರಲ್ಲಿ ತಂತಿಗೆ ಬಡಿದು ಅಲ್ಲಿಯೇ ನಿಂತುಹೋಯಿತು. ಕ್ಯಾಮರಾದೊಳಕ್ಕೆ ಬಾರದೆ ಹೋದುದನ್ನು ಕ್ಯಾಮರಾದ ಚಿತ್ರದಿಂದ ಹೊರತೆಗೆಯುವವರು ಯಾರು?

ಆ ಹೊಸ ಚಿತ್ರವನ್ನು ಹರಿಯಲು ನಮಗೆ ಮನಸ್ಸು ಬರಲಿಲ್ಲ. ಅದು ಯಾರೋ ಒಬ್ಬ ಹುಡುಗನದಾದರೂ ಹುಡುಗನ ಮುಖವೇ ಅಲ್ಲವೆ? ಬೀರುವಿನಲ್ಲಿ ಪಂಚಾಂಗಗಳ ಕೆಳಗೆ ಇಟ್ಟಿದ್ದೇವೆ. ಹಳೆಯದು ಮತ್ತೆ ಗೋಡೆಯನ್ನು ಸೇರಿತು.

ರಜೆ ಮುಗಿದು ಹುಡುಗನು ಊರಿಗೆ ಹೊರಡುವ ದಿನ, ನಮ್ಮ ತಾಯಿಯವರು ಜಗುಲಿಯಲ್ಲಿ ಆ ಹಳೆಯ ಚಿತ್ರವನ್ನು ಗೋಡೆಯಿಂದ ಇಳಿಸಿಕೊಂಡು, ಸೆರಗಿನಿಂದ ಗಾಜನ್ನು ಒರಸುತ್ತ ಕುಳಿತಿದ್ದರು. ನಮ್ಮ ಬೀದಿಯಲ್ಲಿ ಕೋತಿಗಳ ಕಾಟ ಹೆಚ್ಚಿರುವುದರಿಂದ ಜಗುಲಿಗೆ ಉದ್ದಕ್ಕೂ ಜಾಲರಿ ಹಾಕಿಸಿದ್ದೇವೆ. ಹುಡುಗನು ಅಂಗಳದಲ್ಲಿದ್ದನು. "ಮುತ್ತಜ್ಜಿ, ಇತ್ತ ನೋಡಿ" ಎಂದು ಕೂಗಿ, ೫೦ ಮಿಲಿಮೀಟರಿನ ಚಿಕ್ಕ ಮಸೂರವನ್ನು ಎಫ್ ೧.೮ಕ್ಕೆ ತೆರೆದು, ಜಾಲರಿಗೆ ತಾಗಿಸಿ ಹಿಡಿದು ಒತ್ತಿದನು. ಅದರ ಬಾಯಿ ೨೮ ಮಿಲಿಮೀಟರ್. ತಾಯಿಯವರು ಹತ್ತಡಿ ಒಳಗಿದ್ದರು. ಚಿತ್ರವನ್ನು ಅಂಚೆಯಲ್ಲಿ ಕಳುಹಿಸಿಕೊಟ್ಟಿದ್ದಾನೆ. ಜಗುಲಿಯ ಜಾಲರಿ ಅದರಲ್ಲಿ ಎಲ್ಲಿಯೂ ಇಲ್ಲ. ತಾಯಿಯವರ ಮಡಿಲಿನಲ್ಲಿದ್ದ ಪಟದೊಳಗೆ ತಮ್ಮನ ಎಡಗಣ್ಣಿನ ಮೇಲಿನ ತಂತಿ ಸ್ಪಷ್ಟವಾಗಿ ಬಂದಿದೆ. ತಾಯಿಯವರ ಹೆಬ್ಬೆರಳು ಅದರ ಪಕ್ಕದಲ್ಲಿದೆ.